ಸಿಯಾಟಲ್‌ನಿಂದ ಬೆಂಗಳೂರಿಗೆ ಮಗಳ ಕಾರ್ ಸೀಟನ್ನು ಒಯ್ದ ಬಗೆ

ಮಗುವಿನ ಕಾರ್ ಸೀಟನ್ನು ಊರಿಗೆ ಒಯ್ಯುತ್ತೇವೆ ಎಂದರೆ ಗೆಳತಿಯರು ಮೊದಲು ಕೇಳುವುದು ಅದಕ್ಕೆ ಲಗೇಜಿನ ಶುಲ್ಕ ಎಷ್ಟು ಎಂದು. ಬಹುತೇಕ ವಿಮಾನ ಸಂಸ್ಥೆಗಳು ಅದಕ್ಕೆ ದುಡ್ಡು ಕೇಳುವುದಿಲ್ಲವಾದ್ದರಿಂದ ಆ ಮಾತು ಅಲ್ಲಿಗೇ ಮುಗಿಯುತ್ತದೆ. ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ: ಸಿಯಾಟಲ್‌ನ ಕೌಂಟರಿನಲ್ಲಿ ಒಪ್ಪಿಸಿದ ಸೀಟು ಬೆಂಗಳೂರಿನಲ್ಲಿ ನಮ್ಮ ಕೈಸೇರುವಷ್ಟರಲ್ಲಿ ಎಲ್ಲೆಲ್ಲಿ ಎತ್ತಿ ಎಸೆಯಲ್ಪಟ್ಟಿರುತ್ತದೆ, ಅದರ ಮೇಲೆ ಎಷ್ಟು ಭಾರದ ಪೆಟ್ಟಿಗೆಗಳು ಬಿದ್ದಿರುತ್ತವೆ ಎಂಬುದು ನಮಗೆ ತಿಳಿಯುವುದೇ ಇಲ್ಲವಲ್ಲ, ಹಾಗಿರುವಾಗ ಅದನ್ನು ನಂಬಿ ಮಗುವನ್ನು ಕೂರಿಸುವುದು ಹೇಗೆ?

ಈ ಅಳುಕಿಗೆ ಕಾರಣವಿದೆ. ಕಾರ್ ಸೀಟಿನ ಬಟ್ಟೆಯ ಹೊದಿಕೆಯನ್ನು ಕಳಚಿದರೆ ಒಳಗೆ ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪೂ, ಹಲವು ಸೀಟುಗಳಲ್ಲಿ ತಲೆಯ ಇಕ್ಕೆಲಗಳಲ್ಲಿ ಥರ್ಮೋಕೋಲಿನ ಪದರವೂ ಕಾಣುತ್ತವೆ. ಹೆಲ್ಮೆಟ್ಟಿನೊಳಗೆ ಇರುವಂಥದ್ದೇ ಈ ಪದರ. ಅಪಘಾತದಲ್ಲಿ ತಾನು ಜಜ್ಜಿಹೋಗಿ ಹೊಡೆತವನ್ನು ಹೀರಿಕೊಳ್ಳುವುದು ಇದರ ಕೆಲಸ, ಮತ್ತು ಒಮ್ಮೆ ಜಜ್ಜಿದ್ದು ಮತ್ತೆ ಮೊದಲಿನಂತಾಗುವುದಿಲ್ಲ. ಲಗೇಜಿನ ನಡುವೆ ಬಿದ್ದು ಅದು ಬಿರುಕುಬಿಟ್ಟರೂ ಮೇಲಿನ ಬಟ್ಟೆ ಹೊಸದರಂತೆಯೇ ನಗುತ್ತಿರುತ್ತದೆ. ವಿಮಾನ ನಿಲ್ದಾಣಗಳಲ್ಲಿ ಮಾರುವ ತೆಳುವಾದ ಚೀಲಗಳು ಕೊಳೆಯನ್ನು ತಡೆಯುತ್ತವೆಯೇ ಹೊರತು ಹೊಡೆತವನ್ನಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಆದ್ದರಿಂದ ನಾನು ಸೀಟನ್ನು ಯಾರ ಕೈಗೂ ಕೊಡದೆ ವಿಮಾನದೊಳಕ್ಕೇ ಒಯ್ದು ಮಗಳನ್ನು ಅದರಲ್ಲೇ ಕೂರಿಸಿದೆ. ಅವಳಿಗೆ ಎರಡು ವರ್ಷ ತುಂಬಿದ್ದರಿಂದ ಹೇಗೂ ಬೇರೆ ಟಿಕೆಟ್ ಕೊಳ್ಳಲೇಬೇಕಿತ್ತು. ಎರಡು ತುಂಬದ ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳಲು ಅಮೆರಿಕದ ನಿಯಮ ಈಗಲೂ ಬಿಡುತ್ತದೆ. ಆದರೂ ಮಗುವಿಗೆ ಪ್ರತ್ಯೇಕ ಸುರಕ್ಷಾ ಆಸನವೇ ಒಳ್ಳೆಯದೆಂದು ಅಲ್ಲಿನ ವಿಮಾನಯಾನ ಇಲಾಖೆಯೇ ಸಲಹೆ ಕೊಡುತ್ತದೆ. 1989ರ ಜುಲೈ 19ರಂದು ಅಯೋವಾದ ಸೂ ಸಿಟಿಯಲ್ಲಿ ಯುನೈಟೆಡ್ 232 ವಿಮಾನ ನೆಲಕ್ಕಪ್ಪಳಿಸಿದಾಗ ಸ್ವಂತ ಆಸನವಿಲ್ಲದ ನಾಲ್ಕು ಮಕ್ಕಳು ಅದರಲ್ಲಿದ್ದವು, ಅವುಗಳಲ್ಲಿ ಒಂದು ಉಳಿಯಲಿಲ್ಲ ಎಂಬುದನ್ನು ಓದಿದ ಮೇಲೆ, ಎರಡು ತುಂಬುವ ಮೊದಲೇ ಪ್ರಯಾಣ ಒದಗಿದ್ದರೂ ನಾನು ಟಿಕೆಟ್ ಕೊಳ್ಳುತ್ತಿದ್ದೆ.

ಹೊರಡುವ ಮುನ್ನ ನೋಡಿಕೊಂಡದ್ದು ಎರಡು ಸಂಗತಿ. ಅಮೆರಿಕದಲ್ಲಿ ಮಾರುವ ಸೀಟಾದರೆ ಅದರ ಮೈಮೇಲಿನ ಚೀಟಿಯಲ್ಲಿ, ಮೋಟಾರು ವಾಹನ ಮತ್ತು ವಿಮಾನ ಎರಡರಲ್ಲೂ ಬಳಸಲು ಪ್ರಮಾಣಿತ ಎಂಬ ಅರ್ಥದ ಸಾಲು ಕೆಂಪು ಅಕ್ಷರಗಳಲ್ಲಿರಬೇಕು. ನಾನು ಅದರ ಫೋಟೋ ತೆಗೆದು ಫೋನಿನಲ್ಲಿಟ್ಟುಕೊಂಡೆ, ಏಕೆಂದರೆ ಸೀಟನ್ನು ಕಟ್ಟಿಯಾದ ಮೇಲೆ ಚೀಟಿ ಹಿಂಬದಿಗೆ ಮರೆಯಾಗುತ್ತದೆ, ಸಿಬ್ಬಂದಿ ಕೇಳುವುದು ಆಗಲೇ. ಇನ್ನೊಂದು ಅಗಲ: 16 ಇಂಚಿನೊಳಗಿನ ಸೀಟು ಹೆಚ್ಚಿನ ವಿಮಾನಗಳ ಎಕಾನಮಿ ಆಸನಗಳಲ್ಲಿ ಕೂರುತ್ತದೆ, ಅದಕ್ಕಿಂತ ದೊಡ್ಡದಾದರೆ ಮೊದಲೇ ಸಂಸ್ಥೆಗೆ ಫೋನ್ ಮಾಡಿ ವಿಚಾರಿಸುವುದು ಒಳಿತು. ದೊಡ್ಡ ಮಕ್ಕಳನ್ನು ಎತ್ತರಿಸಿ ಕೂರಿಸುವ ಬೂಸ್ಟರ್ ಸೀಟು ಮಾತ್ರ ಹಾರುವಾಗ, ಇಳಿಯುವಾಗ ನಡೆಯುವುದಿಲ್ಲ; ಅದಕ್ಕೆ ಹೆಗಲ ಬೆಲ್ಟು ಬೇಕು, ಎಕಾನಮಿಯಲ್ಲಿ ಸಾಮಾನ್ಯವಾಗಿ ಇರುವುದು ಸೊಂಟದ ಬೆಲ್ಟೊಂದೇ.

ತುರ್ತಿನಲ್ಲಿ ಯಾರ ದಾರಿಗೂ ಅಡ್ಡವಾಗಬಾರದೆಂದು ಕಾರ್ ಸೀಟಿಗೆ ಕಿಟಕಿಯ ಪಕ್ಕದ ಜಾಗ ಕೊಡುತ್ತಾರೆ. ಅಲ್ಲಿ ಬಗ್ಗಿ ನಿಂತು ಅದನ್ನು ಬಿಗಿಯುವ ಕೆಲಸಕ್ಕೆ ಸ್ವಲ್ಪ ಅಭ್ಯಾಸ ಬೇಕು. ಸೀಟನ್ನು ಮುಂದಕ್ಕೆ ಮುಖ ಮಾಡಿ ಇಟ್ಟಾಗ ಸೊಂಟದ ಬೆಲ್ಟು ಅದರ ಬೆನ್ನಿನ ಕಂಡಿಯೊಳಗಿಂದ ಹಾದುಬರುತ್ತದೆ, ಬಕಲ್ ಸರಿಯಾಗಿ ಮಗುವಿನ ಬೆನ್ನ ಹಿಂದೆ ಬಂದು ನಿಲ್ಲುತ್ತದೆ. ಹಾಗೇ ಬಿಗಿದರೆ ಬಿಚ್ಚುವಾಗ ಬಕಲ್ಲಿನ ತಗಡನ್ನು ಮೇಲೆತ್ತಲು ಜಾಗವೇ ಸಿಗುವುದಿಲ್ಲ. ಬಿಗಿಯುವ ಮೊದಲೇ ಅದನ್ನು ತಿರುಗಿಸಿ ತಗಡಿನ ಮುಖ ವಿಮಾನದ ಮೆತ್ತೆಯ ಕಡೆಗಿರುವಂತೆ ಮಾಡಿಕೊಂಡರೆ ಮೆತ್ತೆ ಒತ್ತಿಕೊಂಡು ಬೆರಳಿಗೆ ಎಡೆ ಕೊಡುತ್ತದೆ. ಮೊಣಕಾಲನ್ನು ಸೀಟಿನೊಳಗೆ ಊರಿ, ಮೈಭಾರವನ್ನೆಲ್ಲ ಹಾಕಿ, ಬೆಲ್ಟಿನ ತುದಿಯನ್ನು ಎಳೆದರೆ ಸೀಟು ಅಲುಗದಂತೆ ನಿಲ್ಲುತ್ತದೆ. ವಿಮಾನ ಬದಲಿಸುವ ನಿಲ್ದಾಣದಲ್ಲಿ ಅದನ್ನು ಹೊತ್ತು ತಿರುಗುವ ಪಾಡು ಬೇಡವೆಂದು ಸೀಟಿನದೇ ಪಟ್ಟಿಯಿಂದ ಚಕ್ರದ ಸೂಟ್‌ಕೇಸಿಗೆ ಬಿಗಿದು ಎಳೆದುಕೊಂಡು ಹೋದೆವು.

ಬೆಂಗಳೂರಿನಲ್ಲಿ ಎದುರಾಗುವುದು ಬೇರೆಯೇ ತೊಡಕು. ಅಮೆರಿಕದ ಕಾರುಗಳ ಹಿಂಬದಿಯ ಬೆಲ್ಟನ್ನು ಪೂರ್ತಿ ಎಳೆದು ಬಿಟ್ಟರೆ ಅದು ಕಟಕಟನೆ ಸದ್ದು ಮಾಡುತ್ತ ಒಳಸರಿದು ಹಾಗೇ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಭಾವನ ಕಾರಿನ ಬೆಲ್ಟು ಹಾಗಲ್ಲ. ಜೋರಾಗಿ ಜಗ್ಗಿದರೆ ಅಥವಾ ಬ್ರೇಕ್ ಬಿದ್ದರೆ ಮಾತ್ರ ಅದು ಹಿಡಿಯುತ್ತದೆ, ಉಳಿದಂತೆ ಸಡಿಲ, ಕಾರ್ ಸೀಟು ಅತ್ತಿತ್ತ ವಾಲಾಡುತ್ತದೆ. ಅದೃಷ್ಟಕ್ಕೆ ಆ ಕಾರಿನಲ್ಲಿ ಐಸೊಫಿಕ್ಸ್ ಕೊಂಡಿಗಳಿದ್ದವು, ಅಂದರೆ ಮಕ್ಕಳ ಸೀಟನ್ನು ಬೆಲ್ಟಿಲ್ಲದೆ ನೇರವಾಗಿ ಸಿಕ್ಕಿಸಲು ಹಿಂಬದಿಯ ಆಸನದ ಸಂದಿಯಲ್ಲಿ ಕೂರಿಸಿದ ಲೋಹದ ಕೊಂಡಿಗಳು. ಅಮೆರಿಕದಲ್ಲಿ ಇದಕ್ಕೆ ಲ್ಯಾಚ್ ಎನ್ನುತ್ತಾರೆ, ಆದರೆ ಎರಡೂ ಕಡೆ ಕೊಂಡಿಗಳ ನಡುವಿನ ಅಂತರ ಒಂದೇ, 280 ಮಿಲಿಮೀಟರ್. ನಮ್ಮ ಸೀಟಿನ ಪಟ್ಟಿಯ ಕೊಕ್ಕೆಗಳು ಅವಕ್ಕೆ ಸಲೀಸಾಗಿ ಸಿಕ್ಕಿಕೊಂಡವು. ಕೊಂಡಿಗಳಿಲ್ಲದ ಟ್ಯಾಕ್ಸಿಗೆಂದು ಬೆಲ್ಟನ್ನು ಬಿಗಿಹಿಡಿಯುವ ಉಕ್ಕಿನ ಚಿಕ್ಕ ಕ್ಲಿಪ್ಪೊಂದನ್ನು ಜೊತೆಗಿಟ್ಟುಕೊಂಡಿದ್ದೆ. ಅದನ್ನು ಬಕಲ್ಲಿಗೆ ಸೇರುವ ತಗಡಿನಿಂದ ಒಂದು ಇಂಚಿನೊಳಗೆ, ಬೆಲ್ಟಿನ ಎರಡೂ ಎಳೆಗಳನ್ನು ಕೂಡಿಸಿ ಹಾಕಬೇಕು. 2019ರ ತಿದ್ದುಪಡಿಯ ನಂತರ ನಮ್ಮ ಮೋಟಾರು ವಾಹನ ಕಾಯ್ದೆಯ 194ಬಿ ಕಲಮು, ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಬೆಲ್ಟು ಅಥವಾ ಮಕ್ಕಳ ಆಸನವಿಲ್ಲದೆ ಒಯ್ದರೆ ಸಾವಿರ ರೂಪಾಯಿ ದಂಡ ವಿಧಿಸುತ್ತದೆ; “ಮಗೂನ ಎತ್ಕೊಂಡು ಕೂತ್ಕೊಳಿ ಮೇಡಂ, ಏನಾಗಲ್ಲ” ಎನ್ನುವ ಚಾಲಕರಿಗೆ ಈ ಮಾತು ಹೇಳಿದರೆ ಐದು ನಿಮಿಷ ಕಾಯಲು ಒಪ್ಪುತ್ತಾರೆ.

ಜೊತೆಯಲ್ಲಿ ನಾವಿಲ್ಲದೆ ಸೀಟನ್ನು ಕಳಿಸುವ ಸಂದರ್ಭವೂ ಬಂತು. ಮಗಳು ಹಸುಗೂಸಾಗಿದ್ದಾಗಿನ ಸೀಟನ್ನು ಬಾಸ್ಟನ್‌ನಲ್ಲಿರುವ ಅಕ್ಕನಿಗೆ ಪಾರ್ಸೆಲ್ ಮಾಡಿದೆ. ಅದು ಯಾವ ಅಪಘಾತವನ್ನೂ ಕಂಡಿರಲಿಲ್ಲ, ತಳದಲ್ಲಿ ಅಚ್ಚಾದ ಅವಧಿಯೂ ಮುಗಿದಿರಲಿಲ್ಲ. ಇವೆರಡೂ ಖಾತ್ರಿಯಿಲ್ಲದಿದ್ದರೆ ಕಳಿಸುವ ಮಾತೇ ಇರುತ್ತಿರಲಿಲ್ಲ. ಕಂಪನಿಯ ಮೂಲ ಪೆಟ್ಟಿಗೆಯನ್ನೂ ಒಳಗಿನ ರಟ್ಟಿನ ಅಚ್ಚುಗಳನ್ನೂ ಅಟ್ಟದಲ್ಲಿ ಎತ್ತಿಟ್ಟಿದ್ದು ಈಗ ಕೆಲಸಕ್ಕೆ ಬಂತು. ಹಿಡಿಯನ್ನು ಕೆಳಕ್ಕೆ ಮಡಚಿ, ಲೋಹದ ಕೊಕ್ಕೆಗಳು ಚಿಪ್ಪಿಗೆ ಬಡಿಯದಂತೆ ಬಟ್ಟೆ ಸುತ್ತಿ ಕಟ್ಟಿ, ಆ ಪೆಟ್ಟಿಗೆಯನ್ನು ಇನ್ನೂ ದೊಡ್ಡದೊಂದು ಪೆಟ್ಟಿಗೆಯೊಳಗಿಟ್ಟು ಸುತ್ತಲೂ ಎರಡು ಇಂಚಿನಷ್ಟು ಕಾಗದ ತುರುಕಿದೆ. ಅಲುಗಾಡಿಸಿದಾಗ ಒಳಗೆ ಏನೂ ಕದಲದಿದ್ದ ಮೇಲೆಯೇ ಟೇಪು ಅಂಟಿಸಿದ್ದು.

ತೆರೆದ ಕೂಡಲೇ ಏನು ನೋಡಬೇಕೆಂದು ಅಕ್ಕನಿಗೆ ಮೊದಲೇ ಹೇಳಿದ್ದೆ: ಹೊದಿಕೆ ಕಳಚಿ ಥರ್ಮೋಕೋಲಿನ ಅಂಚುಗಳಲ್ಲಿ ಬೆರಳಾಡಿಸುವುದು, ಪ್ಲಾಸ್ಟಿಕ್ಕಿನಲ್ಲಿ ಬಾಗಿದ ಗುರುತಾಗಿ ಬಿಳಿ ಗೆರೆ ಮೂಡಿದೆಯೇ ಎಂದು ಬೆಳಕಿಗೆ ಹಿಡಿದು ನೋಡುವುದು, ಬಕಲ್ ಪ್ರತಿ ಸಲವೂ ಸದ್ದು ಮಾಡಿ ಕೂರುತ್ತದೆಯೇ ಎಂದು ಪರೀಕ್ಷಿಸುವುದು. ಒಂದರಲ್ಲಾದರೂ ಅನುಮಾನ ಬಂದರೆ ಪಟ್ಟಿಗಳನ್ನು ಕತ್ತರಿಸಿ, ಬೇರೆ ಯಾರೂ ಎತ್ತಿಕೊಂಡು ಹೋಗಿ ಬಳಸದಂತೆ ಮಾಡಿ, ಕಸಕ್ಕೆ ಹಾಕಿಬಿಡೆಂದೂ ಹೇಳಿದ್ದೆ. ಹಾಗೇನೂ ಕಾಣಲಿಲ್ಲವಾದ್ದರಿಂದ ಹೆರಿಗೆಗೆ ಮೊದಲೇ ಅವಳು ಅದನ್ನು ತನ್ನ ಕಾರಿಗೆ ಜೋಡಿಸಿಕೊಂಡಳು.