ಶೆಟ್ಲೆಂಡ್‌ನಲ್ಲಿ ಫೋಟೊ ತೆಗೆಯುವುದು ಹೇಗೆ? ಮೊದಲು ಗಾಳಿ ಎತ್ತ ಬೀಸುತ್ತಿದೆ ನೋಡಿ

ಶೆಟ್ಲೆಂಡ್‌ನಲ್ಲಿ ಎಲ್ಲೇ ನಿಂತರೂ ಕಡಲು ಸುಮಾರು ಐದು ಕಿಲೋಮೀಟರ್ ಒಳಗೇ ಇರುತ್ತದೆ. ಗಾಳಿಗೆ ಅಡ್ಡವಾಗಲು ಮರಗಳೂ ಅಷ್ಟಾಗಿ ಇಲ್ಲ. ಸ್ಕಾಟ್ಲೆಂಡ್‌ನ ತುದಿಗಿಂತ ಉತ್ತರಕ್ಕೆ, 60 ಡಿಗ್ರಿ ಅಕ್ಷಾಂಶದಲ್ಲಿ, ನೂರಕ್ಕೂ ಹೆಚ್ಚು ದ್ವೀಪಗಳು ಇಲ್ಲಿ ಚೆದುರಿಕೊಂಡಿವೆ. ಜನ ವಾಸ ಇರುವುದು 16ರಲ್ಲಿ ಮಾತ್ರ. ಉಳಿದದ್ದೆಲ್ಲ ಹಕ್ಕಿ, ಸೀಲ್, ನೀರುನಾಯಿಗಳ ರಾಜ್ಯ. ಇಂಥ ಕಡೆ ಹೋಗುವವರು ಎಷ್ಟು ಉದ್ದದ ಲೆನ್ಸ್ ಬೇಕು ಎಂದು ಮೊದಲು ಕೇಳುತ್ತಾರೆ. ಲೆನ್ಸ್ ಬೇಕು, ನಿಜ. ಆದರೆ ಇಲ್ಲಿ ಚಿತ್ರ ಸಿಗುವುದೂ ಕೈತಪ್ಪುವುದೂ ಗಾಳಿಯ ದಿಕ್ಕಿನಿಂದ.

ಹೊರಡುವ ಮುಂಚೆ

ಭಾರತದಿಂದ ಹೋಗುವವರಿಗೆ ಬ್ರಿಟನ್ ವೀಸಾ ಬೇಕು. ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಷೆಂಗೆನ್ ವೀಸಾ ಇಲ್ಲಿ ನಡೆಯುವುದಿಲ್ಲ. ಸ್ಕಾಟ್ಲೆಂಡ್‌ನ ಆಬರ್ಡೀನ್‌ನಿಂದ ಸಂಜೆ ಹೊರಡುವ ಹಡಗು ಬೆಳಿಗ್ಗೆ ಶೆಟ್ಲೆಂಡ್‌ನ ಲರ್ವಿಕ್ ಪಟ್ಟಣ ಮುಟ್ಟಿಸುತ್ತದೆ. ವಿಮಾನವೂ ಇದೆ. ಆದರೆ ಮಂಜು ಕವಿದರೆ ಅದು ರದ್ದಾಗುವುದುಂಟು. ಹಿಂದಿರುಗುವ ಟಿಕೆಟ್‌ಗೆ ಒಂದೆರಡು ದಿನ ಬಿಡುವು ಇಟ್ಟುಕೊಳ್ಳಿ.

ತಿಂಗಳು ಆರಿಸುವುದು ಸುಲಭ. ಹಕ್ಕಿಗಳು ಬೇಕಿದ್ದರೆ ಜೂನ್, ಹೆಚ್ಚೆಂದರೆ ಜುಲೈ ಮಧ್ಯದವರೆಗೆ. ಆಗ ಹಗಲು ಸುಮಾರು 19 ಗಂಟೆ. ಸೂರ್ಯ ಮುಳುಗಿದರೂ ಪೂರ್ತಿ ಕತ್ತಲಾಗುವುದಿಲ್ಲ. ಹಾಗಾಗಿ ನಮ್ಮೂರಿನ ದಿನಚರಿ ಇಲ್ಲಿ ಬೇಡ. ಮಧ್ಯಾಹ್ನ ಮಲಗಿ, ರಾತ್ರಿ ಎಂಟರಿಂದ ಹತ್ತೂವರೆಯವರೆಗೆ ಕೆಲಸ ಮಾಡಿ. ಬೆಳಕು ಆಗ ಮೆತ್ತಗೆ, ಅಡ್ಡವಾಗಿ ಬೀಳುತ್ತದೆ. ಜುಲೈನಲ್ಲೂ ಹಗಲಿನ ತಾಪ 14–15 ಡಿಗ್ರಿ ಆಸುಪಾಸು ಇರುತ್ತದೆ. ಗಾಳಿಯಲ್ಲಿ ಅದಕ್ಕಿಂತ ತಣ್ಣಗೆ ಅನಿಸುತ್ತದೆ. ಬೆರಳ ತುದಿ ತೆರೆದಿರುವ ಕೈಗವಸು ಒಯ್ಯಿರಿ.

ಇನ್ನೊಂದು ತಯಾರಿಯನ್ನು ಊರಲ್ಲೇ ಮಾಡಬಹುದು. ರಂಗನತಿಟ್ಟಿನಲ್ಲಿ ದೋಣಿಯಿಂದ ರಿವರ್ ಟರ್ನ್ ಹಕ್ಕಿ ಹಾರುವುದನ್ನು ಹಿಡಿದು ಅಭ್ಯಾಸ ಮಾಡಿ. ಅದೇ ಬಳಗದ ಆರ್ಕ್ಟಿಕ್ ಟರ್ನ್ ಶೆಟ್ಲೆಂಡ್‌ನಲ್ಲಿ ಗೂಡು ಕಟ್ಟುತ್ತದೆ. ಅಲುಗಾಡುವ ದೋಣಿಯಲ್ಲಿ ಫೋಕಸ್ ಹಿಡಿದಿಡಲು ಕಲಿತವರಿಗೆ ಇಲ್ಲಿ ಅರ್ಧ ಕೆಲಸ ಮುಗಿದಂತೆ.

ಪಫಿನ್: ಗಾಳಿಗೆ ಬೆನ್ನು ಕೊಡಿ

ಮುಖ್ಯ ದ್ವೀಪದ ದಕ್ಷಿಣ ತುದಿ ಸಂಬರಾ ಹೆಡ್. ಅಲ್ಲಿ 1821ರ ದೀಪಸ್ತಂಭವೊಂದಿದೆ. ಅದರ ಸುತ್ತಲ ಇಳಿಜಾರಿನಲ್ಲಿ ಪಫಿನ್ ಎಂಬ ಪುಟ್ಟ ಕಡಲಹಕ್ಕಿಗಳು ಬಿಲ ತೋಡಿ ಮರಿ ಮಾಡುತ್ತವೆ. ಏಪ್ರಿಲ್‌ನಲ್ಲಿ ಬಂದು, ಆಗಸ್ಟ್ ಮೊದಲ ಭಾಗದೊಳಗೆ ಕಡಲಿಗೆ ಹೋಗಿಬಿಡುತ್ತವೆ. ರಸ್ತೆ ಪಕ್ಕದ ಕಲ್ಲಿನ ಗೋಡೆಯ ಈಚೆ ನಿಂತರೂ ಕೆಲವು ಮೀಟರ್ ದೂರದಲ್ಲೇ ಸಿಗುತ್ತವೆ. ಗೋಡೆ ಹತ್ತಬೇಡಿ, ದಾಟಲೇಬೇಡಿ. ಆಚೆ ಕಡಿದಾದ ಬಂಡೆಯಂಚು. ಹುಲ್ಲಿನ ಕೆಳಗೆ ಬಿಲಗಳಿವೆ, ನಿಮ್ಮ ಒಂದು ಹೆಜ್ಜೆಗೆ ಒಂದು ಮರಿಯ ಮನೆ ಕುಸಿಯಬಹುದು.

ಇಲ್ಲಿ ಮೊದಲ ಪಾಠ. ಹಕ್ಕಿಗಳು ಇಳಿಯುವುದು ಗಾಳಿಗೆ ಎದುರಾಗಿ. ಗಾಳಿ ನಿಮ್ಮ ಬೆನ್ನಿಗೆ ಬೀಸುತ್ತಿದ್ದರೆ ಪಫಿನ್ ನಿಮಗೆ ಮುಖ ಮಾಡಿ, ಕಿತ್ತಳೆ ಕಾಲು ಅಗಲಿಸಿಕೊಂಡು ಇಳಿಯುತ್ತದೆ. ಗಾಳಿ ಮುಖಕ್ಕೆ ಹೊಡೆಯುತ್ತಿದ್ದರೆ ಬರೀ ಬೆನ್ನು, ಬಾಲದ ಚಿತ್ರ. ಸೂರ್ಯನೂ ಹಿಂದೆ ಇದ್ದರೆ ಅದಕ್ಕಿಂತ ಒಳ್ಳೆಯ ಸಂಜೆ ಬೇರೆ ಇಲ್ಲ. ಎರಡರಲ್ಲಿ ಒಂದೇ ಸಿಗುವುದಾದರೆ ಗಾಳಿಯನ್ನೇ ಆರಿಸಿಕೊಳ್ಳಿ. ಮೋಡದ ಬೆಳಕಿನಲ್ಲೂ ಪಫಿನ್ ಚಂದ ಬರುತ್ತದೆ. ನಿಜ ಹೇಳಬೇಕೆಂದರೆ ತೆಳು ಮೋಡದಲ್ಲೇ ಜಾಸ್ತಿ ಚಂದ. ಎದೆಯ ಬಿಳಿ, ಬೆನ್ನಿನ ಕಪ್ಪು ಎರಡೂ ಉಳಿಯುತ್ತವೆ.

ಹಾರುವ ಪಫಿನ್‌ಗೆ ಶಟರ್ ಸ್ಪೀಡ್ 1/2500 ಸೆಕೆಂಡಿಗಿಂತ ಕೆಳಗೆ ಇಳಿಸಬೇಡಿ. ಪುಟ್ಟ ರೆಕ್ಕೆ, ವಿಪರೀತ ವೇಗ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿದರೆ ಏರಲಿ, ಕಾಳು ಕಾಳಾದ ಚಿತ್ರವನ್ನು ಆಮೇಲೆ ಸುಧಾರಿಸಬಹುದು, ಅಲುಗಿದ ಚಿತ್ರವನ್ನು ಆಗುವುದಿಲ್ಲ. ಹಿನ್ನೆಲೆ ಕಪ್ಪು ಬಂಡೆಯಾಗಿದ್ದರೆ ಎಕ್ಸ್‌ಪೋಷರ್ ಅರ್ಧ ಸ್ಟಾಪ್ (ಬೆಳಕಿನ ಅಳತೆ, ಒಂದು ಸ್ಟಾಪ್ ಏರಿದರೆ ಬೆಳಕು ಎರಡು ಪಟ್ಟು) ಇಳಿಸಿ, ಇಲ್ಲದಿದ್ದರೆ ಎದೆಯ ಬಿಳಿ ಸುಟ್ಟುಹೋಗುತ್ತದೆ. ಹಿನ್ನೆಲೆ ಬೆಳ್ಳಗಿನ ಆಕಾಶವಾದರೆ ಒಂದು ಸ್ಟಾಪ್ ಏರಿಸಿ. ಕೊಕ್ಕಿನ ತುಂಬ ಮೀನು ಹಿಡಿದು ಬರುವ ಹಕ್ಕಿಗೆ ಮರಿ ಕಾಯುತ್ತಿರುತ್ತದೆ. ಅದು ಬಿಲದ ಸುತ್ತ ಹಾರುತ್ತಾ ಇಳಿಯಲು ಹಿಂಜರಿಯುತ್ತಿದ್ದರೆ ನೀವೇ ಅಡ್ಡ ಆಗಿದ್ದೀರಿ ಎಂದರ್ಥ. ಹಿಂದೆ ಸರಿಯಿರಿ. ಚಿತ್ರಕ್ಕಿಂತ ಅದರ ಮರಿಯ ಊಟ ದೊಡ್ಡದು ಅಲ್ವಾ?

ನೀರುನಾಯಿ: ಗಾಳಿಗೆ ಮುಖ ಕೊಡಿ

ಈಗ ಎಲ್ಲ ತಿರುಗುಮುರುಗು. ಕಾವೇರಿ, ತುಂಗಭದ್ರೆಯಲ್ಲಿ ನಾವು ಗುಂಪುಗುಂಪಾಗಿ ನೋಡುವ ನೀರುನಾಯಿ ಬೇರೆ ಜಾತಿ. ಶೆಟ್ಲೆಂಡ್‌ನದು ಯುರೇಷಿಯನ್ ನೀರುನಾಯಿ. ಹೆಚ್ಚಾಗಿ ಒಂಟಿ, ಇಲ್ಲವೇ ತಾಯಿಯ ಜೊತೆ ಮರಿಗಳು. ಕಡಲಲ್ಲಿ ಬೇಟೆಯಾಡುತ್ತದೆ, ಹಗಲಲ್ಲೇ ಓಡಾಡುತ್ತದೆ. ತುಪ್ಪಳದ ಉಪ್ಪು ತೊಳೆಯಲು ಅದಕ್ಕೆ ಸಿಹಿನೀರು ಬೇಕೇ ಬೇಕು. ಆದ್ದರಿಂದ ಸಣ್ಣ ತೊರೆ ಕಡಲಿಗೆ ಸೇರುವ ಜಾಗಗಳನ್ನು ಮೊದಲು ಹುಡುಕಿ. ಯೆಲ್ ದ್ವೀಪದ ತೀರ ಇದಕ್ಕೆ ಹೆಸರಾದದ್ದು.

ಅದರ ದೃಷ್ಟಿ ಅಷ್ಟೇನೂ ಚುರುಕಲ್ಲ, ಮೂಗು ಮಾತ್ರ ಬಹಳ ಚುರುಕು. ಗಾಳಿ ನಿಮ್ಮ ಮುಖಕ್ಕೆ ಬೀಸುವಂತೆ ತೀರದಲ್ಲಿ ನಡೆಯಿರಿ. ಗುಡ್ಡದ ನೆತ್ತಿಯಲ್ಲಿ ಆಕಾಶಕ್ಕೆ ಎದುರಾಗಿ ನಿಂತರೆ ನಿಮ್ಮ ಆಕಾರ ಅದಕ್ಕೂ ಕಾಣುತ್ತದೆ. ಕೆಳಗೇ ಇರಿ. ನೀರು ಇಳಿದ ಹೊತ್ತು ಒಳ್ಳೆಯದು, ಕಡಲಪಾಚಿಯ ಮಧ್ಯೆ ಅದು ಮೀನು ಹುಡುಕುತ್ತದೆ. ಆ ದಿನದ ಉಬ್ಬರ ಇಳಿತದ ವೇಳಾಪಟ್ಟಿ ಹಿಂದಿನ ರಾತ್ರಿಯೇ ನೋಡಿಟ್ಟುಕೊಳ್ಳಿ.

ಕಂಡಿತು ಅಂದುಕೊಳ್ಳಿ. ಮುಳುಗಿದಾಗ ಬೆನ್ನು ಕಮಾನಾಗಿ ಬಾಲ ಮೇಲೇಳುತ್ತದೆ. ಆಗ ಇಪ್ಪತ್ತು ಸೆಕೆಂಡ್ ನಿಮ್ಮದು. ಕೆಲವು ಹೆಜ್ಜೆ ಮುಂದೆ ಹೋಗಿ, ಅದು ಮೇಲೆ ಬರುವ ಮುಂಚೆ ನಿಂತುಬಿಡಿ. ಮತ್ತೆ ಮುಳುಗಿದಾಗ ಮತ್ತೆ ನಾಲ್ಕು ಹೆಜ್ಜೆ. ಸಣ್ಣ ಮೀನನ್ನು ನೀರಲ್ಲೇ ತಿನ್ನುತ್ತದೆ, ದೊಡ್ಡದನ್ನು ದಡಕ್ಕೆ ತರುತ್ತದೆ. ದೊಡ್ಡ ಮೀನು ಹಿಡಿದು ದಡದ ಕಡೆ ಬರುವುದನ್ನು ಕಂಡರೆ ನೀವು ಅಲುಗಲೇಬೇಡಿ. ಬಂಡೆಗೆ ಒರಗಿ, ಹೊಟ್ಟೆಯ ಮೇಲೆ ಮಲಗಿ. ಅದು ನಿಮ್ಮ ಹತ್ತಿರಕ್ಕೇ ಬಂದು ಕೂತರೂ ಅಚ್ಚರಿಯಿಲ್ಲ. ಶಟರ್ ಸದ್ದು ನಿಲ್ಲಿಸಿ. ಅದು ಹೋದ ಮೇಲೆ ಏಳಿ. ಎದ್ದು ಓಡಿಸಿದರೆ ಅದರ ಊಟವೂ ಹೋಯಿತು, ಕಾನೂನಿನ ರಕ್ಷಣೆ ಇರುವ ಪ್ರಾಣಿಗೆ ತೊಂದರೆಯನ್ನೂ ಕೊಟ್ಟಂತಾಯಿತು.

ಅದೇ ಎಚ್ಚರ ಕೆಂಪು ಗಂಟಲಿನ ಡೈವರ್ ಹಕ್ಕಿಗೂ ಬೇಕು. ಬ್ರಿಟನ್ನಿನ 1981ರ ವನ್ಯಜೀವಿ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಅದರ ಗೂಡಿನ ಹತ್ತಿರ ಹೋಗಿ ತೊಂದರೆ ಕೊಡುವುದು ಅಪರಾಧ. ಜೌಗಿನ ಸಣ್ಣ ಕೊಳದಲ್ಲಿ ಅದು ಕಂಡರೆ ರಸ್ತೆಯಿಂದಲೇ ನೋಡಿ ಮುಂದೆ ಹೋಗಿ.

ಗ್ಯಾನೆಟ್, ಸ್ಕುವಾ

ಲರ್ವಿಕ್‌ನಿಂದ ದೋಣಿಗಳು ನಾಸ್ ದ್ವೀಪದ ಬಂಡೆಗಳ ಕೆಳಗೆ ಕರೆದೊಯ್ಯುತ್ತವೆ. 180 ಮೀಟರ್ ಎತ್ತರದ ಗೋಡೆ ತುಂಬ ಗ್ಯಾನೆಟ್ ಎಂಬ ದೊಡ್ಡ ಬಿಳಿ ಕಡಲಹಕ್ಕಿಗಳು. ಇಲ್ಲಿ ಉದ್ದದ ಲೆನ್ಸ್‌ಗಿಂತ 70–200 ಎಂಎಂ ವಾಸಿ, ಹಕ್ಕಿಗಳು ತಲೆಯ ಮೇಲೆಯೇ ಇರುತ್ತವೆ. ಉತ್ತರದ ಅನ್ಸ್ಟ್ ದ್ವೀಪದ ಹರ್ಮನೆಸ್‌ನಲ್ಲಿ ಗ್ರೇಟ್ ಸ್ಕುವಾ ಎಂಬ ಕಡಲಹಕ್ಕಿ ಗೂಡು ಕಾಯುತ್ತಾ ನಿಮ್ಮ ತಲೆಗೇ ಎರಗಬಹುದು. ಕೋಲನ್ನು ತಲೆಯ ಮೇಲೆ ಎತ್ತಿ ಹಿಡಿದು ಕಾಲುದಾರಿ ಬಿಡದೆ ನಡೆಯಿರಿ. 2022ರ ಹಕ್ಕಿಜ್ವರಕ್ಕೆ ಈ ಎರಡೂ ಜಾತಿಯ ಹಕ್ಕಿಗಳು ಬಹಳ ಸತ್ತವು. ಉಳಿದವನ್ನು ನೆಮ್ಮದಿಯಾಗಿ ಬಿಡಿ, ಸತ್ತ ಹಕ್ಕಿ ಕಂಡರೆ ಮುಟ್ಟಬೇಡಿ.

ಮೂಸಾ ದ್ವೀಪದ ಕಬ್ಬಿಣಯುಗದ ಕಲ್ಲುಗೋಪುರ ಸುಮಾರು 13 ಮೀಟರ್ ಎತ್ತರವಿದೆ. ಬೇಸಿಗೆ ರಾತ್ರಿ ಅದರ ಸಂದುಗಳಿಗೆ ಸ್ಟಾರ್ಮ್ ಪೆಟ್ರೆಲ್ ಎಂಬ ಪುಟ್ಟ ಕಡಲಹಕ್ಕಿಗಳು ಮರಳುತ್ತವೆ. ಫ್ಲ್ಯಾಶ್ ಹಾಕುವಂತಿಲ್ಲ. ಕ್ಯಾಮೆರಾ ಚೀಲದಲ್ಲೇ ಇರಲಿ, ಸುಮ್ನೆ ಕೂತು ಅವುಗಳ ಸದ್ದು ಕೇಳಿ.

ಬಂಡೆ, ಅಲೆ, ಉಪ್ಪು

ನೋಟಗಳಿಗೆ ಎರಡು ಜಾಗ ಸಾಕು. ಒಂದು ಎಶನೆಸ್, ಹಳೆಯ ಜ್ವಾಲಾಮುಖಿಯ ಕಪ್ಪು ಬಂಡೆ, ಪಡುವಣಕ್ಕೆ ಮುಖ. ಇನ್ನೊಂದು ಸೇಂಟ್ ನಿನಿಯನ್ಸ್ ದ್ವೀಪವನ್ನು ಸೇರಿಸುವ ಮರಳಿನ ಪಟ್ಟಿ. ಅದನ್ನು ಎದುರಿನ ಗುಡ್ಡದಿಂದ, ಎರಡೂ ಬದಿಯ ಅಲೆಗಳು ಕಾಣುವಂತೆ ತೆಗೆಯಿರಿ. ಟ್ರೈಪಾಡ್‌ನ ನಡುಕಂಬ ಎತ್ತಬೇಡಿ, ಕಾಲು ಅಗಲಿಸಿ ತಗ್ಗಿಸಿ. ಅಲೆಗೆ ಅರ್ಧ ಸೆಕೆಂಡ್ ಎಕ್ಸ್‌ಪೋಷರ್ ಸಾಕು. ಅದಕ್ಕಿಂತ ಉದ್ದವಾದರೆ ಕಡಲಿನ ಸಿಟ್ಟೆಲ್ಲ ಹೊಗೆಯಂತಾಗುತ್ತದೆ, ಅದು ನನಗೆ ಸೇರುವುದಿಲ್ಲ. ದಾರಿಯ ಗೇಟುಗಳನ್ನು ಹೇಗಿದ್ದವೋ ಹಾಗೇ ಬಿಟ್ಟುಬನ್ನಿ, ಕುರಿಮರಿಗಳಿರುತ್ತವೆ.

ಪ್ರತಿ ಐದು ನಿಮಿಷಕ್ಕೆ ಲೆನ್ಸ್ ಮುಂದಿನ ಗಾಜು ನೋಡಿ. ಉಪ್ಪಿನ ಹನಿ ಒಣಗಿದರೆ ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಗೀರು ಬೀಳುತ್ತದೆ. ಸಿಹಿನೀರಿನಲ್ಲಿ ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಒತ್ತಿ ತೆಗೆದು, ಆಮೇಲೆ ಒರೆಸಿ. ರಾತ್ರಿ ರೂಮಿಗೆ ಬಂದ ಕೂಡಲೇ ಕ್ಯಾಮೆರಾ ಮೈಯನ್ನೂ ಹೀಗೇ ಒರೆಸಿ, ಟ್ರೈಪಾಡ್ ಕಾಲುಗಳನ್ನು ಬಿಚ್ಚಿ ನಲ್ಲಿ ನೀರಲ್ಲಿ ತೊಳೆದು, ಮಡಚದೆ ಒಣಗಲು ಬಿಡಿ.