ಲಾಲ್‌ಬಾಗ್‌ನಲ್ಲಿ ತೋಟಗಾರಿಕೆಯ ಇತಿಹಾಸವನ್ನು ನೋಡುವ ಬಗೆ

ಬೆಂಗಳೂರಿನ ಲಾಲ್‌ಬಾಗನ್ನು ವಿಹಾರಕ್ಕಾಗಿ ಸುತ್ತಿದವರು ಬಹಳ ಮಂದಿ; ಅದನ್ನೇ ತೋಟಗಾರಿಕೆಯ ಬಯಲು ವಸ್ತುಸಂಗ್ರಹಾಲಯವೆಂದು ನೋಡಬೇಕಾದರೆ ಹೋಗುವ ದಿನವನ್ನೂ ನಡೆಯುವ ಕ್ರಮವನ್ನೂ ಯೋಚಿಸಿ ಆರಿಸಿಕೊಳ್ಳಬೇಕು. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನಾಚರಣೆಯ ಆಸುಪಾಸಿನ ಫಲಪುಷ್ಪ ಪ್ರದರ್ಶನದ ದಿನಗಳು ಈ ಉದ್ದೇಶಕ್ಕೆ ತಕ್ಕವಲ್ಲ. ಆ ಜನಸಂದಣಿಯಲ್ಲಿ ಫಲಕ ಓದುವುದಿರಲಿ, ಮರದ ಬಳಿ ನಿಲ್ಲುವುದೇ ಕಷ್ಟ. ವಾರದ ನಡುವಿನ ಯಾವುದಾದರೂ ಬೆಳಗ್ಗೆ ಹೋಗುವುದು ಮೇಲು.

ಮೆಟ್ರೋದಲ್ಲಿ ಬಂದವರಿಗೆ ಪಶ್ಚಿಮ ದ್ವಾರ ಹತ್ತಿರವಾದರೂ, ಡಬಲ್ ರೋಡ್ ಕಡೆಯ ಮುಖ್ಯದ್ವಾರದಿಂದ ಒಳಹೊಕ್ಕು, ಕೆಂಪೇಗೌಡ ಗೋಪುರವನ್ನು ಹೊತ್ತಿರುವ ಬಂಡೆಯನ್ನು ಮೊದಲು ಹತ್ತಬೇಕು. ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ಈ ನೈಸ್ (gneiss) ಎಂಬ ಪಟ್ಟೆಪಟ್ಟೆಯ ಶಿಲೆಯ ಮೇಲೆ ನಿಂತು ಕಣ್ಣಾಡಿಸಿದರೆ, 1760ರಲ್ಲಿ ಹೈದರಾಲಿ ಸುಮಾರು 40 ಎಕರೆಯಲ್ಲಿ ಆರಂಭಿಸಿದ ತೋಟ ಇಂದು 240 ಎಕರೆಗೆ ಹರಡಿರುವುದು ಮನಸ್ಸಿಗೆ ಬರುತ್ತದೆ. ಟಿಪ್ಪು ಸುಲ್ತಾನ್ ಹೊರದೇಶಗಳಿಂದ ಗಿಡ, ಬೀಜಗಳನ್ನು ತರಿಸಿದ್ದೂ ಈ ತೋಟಕ್ಕೇ.

ಅಲ್ಲಿಂದ ಇಳಿದು ಗಾಜಿನ ಮನೆಯತ್ತ ನಡೆಯುವಾಗ ಮರಗಳ ಫಲಕಗಳಲ್ಲಿ ಹೆಸರಿಗಿಂತ ಮೊದಲು ಮೂಲಸ್ಥಾನವನ್ನು ಗಮನಿಸುವುದು ಒಳ್ಳೆಯದು. ದಕ್ಷಿಣ ಅಮೆರಿಕ, ಆಫ್ರಿಕ, ಆಸ್ಟ್ರೇಲಿಯಗಳ ಮರಗಳು ಒಂದೇ ದಾರಿಯ ಇಕ್ಕೆಲಗಳಲ್ಲಿ ಬೆಳೆದುನಿಂತಿರುವುದು ಆಕಸ್ಮಿಕವಲ್ಲ. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದ ಮೇಲೆ ಇಲ್ಲಿಯ ಮುಖ್ಯ ಕೆಲಸವೇ ಹೊರಗಿನ ಸಸ್ಯಗಳನ್ನು ತಂದು, ಈ ಹವೆಗೆ ಹೊಂದುವವೇ ಎಂದು ಪರೀಕ್ಷಿಸಿ, ಹೊಂದಿದವನ್ನು ಹೊರಗೆ ಹಂಚುವುದಾಗಿತ್ತು. 1874ರಿಂದ ಅಧೀಕ್ಷಕರಾಗಿದ್ದ ಜಾನ್ ಕ್ಯಾಮರಾನ್ ಅವರ ಕಾಲದಲ್ಲಿ ಹೀಗೆ ಬಂದದ್ದೆಂದು ಹೇಳಲಾಗುವ ಸೀಮೆಬದನೆಕಾಯಿ ಇಂದು ನಮ್ಮ ಸಾಂಬಾರಿನಲ್ಲಿ ಊರಿನದೇ ತರಕಾರಿಯಂತೆ ಬೇಯುತ್ತಿದೆ. ನನ್ನ ದೃಷ್ಟಿಯಲ್ಲಿ ಲಾಲ್‌ಬಾಗ್‌ನ ನಿಜವಾದ ಇತಿಹಾಸವಿರುವುದು ಹೂವಿನ ಅಲಂಕಾರದಲ್ಲಿ ಅಲ್ಲ, ಈ ಪರೀಕ್ಷೆಯಲ್ಲಿ.

1889ರಲ್ಲಿ ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲಿಟ್ಟ ಗಾಜಿನ ಮನೆಯನ್ನು ದೂರದಿಂದ ಚಿತ್ರ ತೆಗೆದು ಮುಂದೆ ಸಾಗುವವರೇ ಹೆಚ್ಚು. ಹತ್ತಿರ ಹೋಗಿ ಎರಕದ ಕಬ್ಬಿಣದ ಕಂಬಗಳನ್ನೂ ಮಾಡನ್ನೂ ನಿಧಾನವಾಗಿ ನೋಡಬೇಕು. ಬೆಳಕನ್ನು ತಡೆಯದೆ ಗಿಡಗಳನ್ನು ಸೂರಿನಡಿ ಪ್ರದರ್ಶಿಸುವ ಅನುಕೂಲ ಆಗ ತಿಳಿಯುತ್ತದೆ. ಬಳಿಕ ಕೆರೆಯ ಕಡೆಗೆ ತಿರುಗಿದರೆ ಬೃಹತ್ ಬೂರುಗದ ಮರ ಸಿಗುತ್ತದೆ. ಅದರ ಬೇರಿನ ಮೇಲೆ ಹತ್ತಬಾರದು.

ಕ್ಯಾಮರಾನ್ ನಂತರ 1908ರಿಂದ 1932ರವರೆಗೆ ಜರ್ಮನಿಯ ಕ್ರುಂಬಿಗಲ್, ಆಮೇಲೆ ಎಚ್.ಸಿ. ಜವರಾಯ, ಸ್ವಾತಂತ್ರ್ಯಾನಂತರ ಎಂ.ಎಚ್. ಮರಿಗೌಡ ಈ ತೋಟವನ್ನು ನಡೆಸಿದರು. ಮರಿಗೌಡರ ಕಾಲದಲ್ಲಿ ಗಮನ ತೋಟದಿಂದ ರೈತರ ಹೊಲಕ್ಕೆ ಹೊರಳಿತು. ರೈತರ ಹಣ್ಣು, ತರಕಾರಿಗಳನ್ನು ಮಾರುವ ಸಹಕಾರ ಸಂಘವಾಗಿ 1959ರಲ್ಲಿ ಹುಟ್ಟಿದ ಹಾಪ್‌ಕಾಮ್ಸ್ ಅದರ ಫಲ. ಆದ್ದರಿಂದ ಹಾಪ್‌ಕಾಮ್ಸ್ ಮಳಿಗೆಯನ್ನೂ ಸಸಿ ಮಾರಾಟದ ಜಾಗವನ್ನೂ ಪಟ್ಟಿಯಲ್ಲಿ ಸೇರಿಸಿಕೊಳ್ಳಬೇಕು. ಸಸಿ ಕೊಳ್ಳುವ ಆಸೆಯಿದ್ದವರು ಅದನ್ನು ಕೊನೆಗೆ ಇಟ್ಟುಕೊಳ್ಳುವುದು ಲೇಸು, ಕುಂಡ ಹೊತ್ತು ಬಂಡೆ ಹತ್ತಲಾಗದು.