ಒಂದು ಗಿಗ್ ಲೈನು, ಒಂಬೈನೂರು ಮನೆ: ಯಾರಿಗೂ ಫಾಸ್ಟ್ ಲೇನ್ ಮಾರದೆ ಸಂಜೆಯ ಸ್ಲೋ ಬಿಡಿಸಿದ ನನ್ನ ಅನುಭವ

ಹೋದ ತಿಂಗಳು ಹರಿಹರದ ಗೆಳೆಯನೊಬ್ಬ ನನ್ನ ಕಂಟ್ರೋಲ್ ರೂಮಿಗೆ ಬಂದು, ರಾತ್ರಿ ಒಂಬತ್ತರ ಗ್ರಾಫ್ ನೋಡುತ್ತಾ ಹತ್ತು ನಿಮಿಷ ಮಾತಿಲ್ಲದೆ ಕೂತಿದ್ದ. ಲೈನ್ ಪೂರ್ತಿ ತುಂಬಿತ್ತು, ಆದರೂ ಪಿಂಗ್ (ಕೇಳಿದ್ದಕ್ಕೆ ಉತ್ತರ ಬರಲು ಹಿಡಿಯುವ ಸಮಯ) 20 ಮಿಲಿಸೆಕೆಂಡಿನ ಆಸುಪಾಸು ಬಿಟ್ಟು ಮೇಲೆ ಹೋಗಿರಲಿಲ್ಲ. "ವಿಡಿಯೊ ಸ್ಪೀಡ್ ಅಮುಕದೆ ಸಂಜೆ ನೆಟ್ ನಡೆಸೋದು ಆಗೋ ಮಾತಲ್ಲ ಬಿಡಣ್ಣ" ಎಂದು ನನಗೆ ಹೇಳಿದವನೂ ಅವನೇ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ದಾವಣಗೆರೆಯಲ್ಲಿ ಕೇಬಲ್ ಟಿವಿ ನಡೆಸುತ್ತಿದ್ದವನು. ಈಗ ನಿಟ್ಟುವಳ್ಳಿ, ಕೆ.ಟಿ.ಜೆ. ನಗರ, ವಿನೋಬನಗರ ಸೇರಿ ಒಂಬೈನೂರು ಚಿಲ್ಲರೆ ಮನೆಗೆ ಬ್ರಾಡ್‌ಬ್ಯಾಂಡ್ ಕೊಡುತ್ತೇನೆ. ಬೆಂಗಳೂರಿನಿಂದ 1 ಜಿಬಿಪಿಎಸ್ (ಒಂದು ಗಿಗ್) ಬ್ಯಾಂಡ್‌ವಿಡ್ತ್ ತರಿಸುತ್ತಿದ್ದೆ, ಬಿಲ್ಲು ತಿಂಗಳಿಗೆ ಒಂದೂಮುಕ್ಕಾಲು ಲಕ್ಷದ ಹತ್ತಿರ. ಲಾಕ್‌ಡೌನ್ ಆದಮೇಲೆ ಸಂಜೆ ಏಳೂವರೆಯಿಂದ ಹನ್ನೊಂದರ ತನಕ ಫೋನ್ ಕೆಳಗಿಡುವ ಹಾಗೇ ಇರಲಿಲ್ಲ. "ಏನಪ್ಪಾ, ನಿನ್ನ ನೆಟ್ಟು ಮತ್ತೆ ಸುತ್ತಾ ಕುಂತೈತಲ್ಲ" ಎಂದು ನಿವೃತ್ತ ಟೀಚರಮ್ಮ ಒಬ್ಬರು ದಿನಾ ಹಚ್ಚುತ್ತಿದ್ದರು. ದಿನಕ್ಕೆ ಮೂವತ್ತು ಕಂಪ್ಲೇಂಟಿಗೆ ಕಡಿಮೆಯಿಲ್ಲ.

ಮೊದಲು ಎಲ್ಲರೂ ಮಾಡಿದ್ದನ್ನೇ ನಾನೂ ಮಾಡಿದೆ. ಲೇಯರ್ 7 ರೂಲ್ (ಹರಿಯುವುದು ಯಾವ ಆ್ಯಪಿನದೆಂದು ಗುರುತಿಸುವ ನಿಯಮ) ಹಾಕಿ ವಿಡಿಯೊ ಅಮುಕಲು ನೋಡಿದೆ. ಎಲ್ಲ ಎನ್‌ಕ್ರಿಪ್ಟ್ ಆಗಿ ಹರಿಯುವ ಕಾಲದಲ್ಲಿ ರೂಲಿಗೆ ಸಿಗುವುದೇನು? ವಿಡಿಯೊ ಸರ್ವರುಗಳ ಐಪಿ ವಿಳಾಸದ ಪಟ್ಟಿ ಹಿಡಿದು ಅಮುಕಿದೆ, ಮಕ್ಕಳ ಆನ್‌ಲೈನ್ ಕ್ಲಾಸು ನಿಂತುಹೋಯಿತು. ಅದು ತಪ್ಪು ಎಂದು ಅವತ್ತೇ ಗೊತ್ತಾಯಿತು, ವಾರದೊಳಗೆ ತೆಗೆದೆ. ಆಮೇಲೆ 200 ಎಂಬಿಪಿಎಸ್ ಹೆಚ್ಚಿಗೆ ಕೊಂಡೆ. ತಿಂಗಳಾಗುವಷ್ಟರಲ್ಲಿ ಅದೂ ತುಂಬಿತು. ಮೂವತ್ತೈದು ಸಾವಿರ ನೀರಿಗೆ ಹಾಕಿದಂತಾಯಿತು, ವಾಪಸ್ ಕೊಟ್ಟೆ.

ಕೈ ಬಿಗಿಯಾಗಿದ್ದ ಆ ಹೊತ್ತಿನಲ್ಲೇ ಒಂದು ವಿಡಿಯೊ ಆ್ಯಪಿನ ಕಡೆಯವರೆಂದು ಏಜೆಂಟ್ ಒಬ್ಬ ಬಂದ. ತಮ್ಮ ಆ್ಯಪಿಗೆ ಮುಂದಿನ ದಾರಿ, ಅಂದರೆ ಫಾಸ್ಟ್ ಲೇನ್, ಕೊಡಬೇಕು, ಅದರಲ್ಲಿ ನೋಡಿದ್ದು ಗಿರಾಕಿಯ ಡೇಟಾ ಲೆಕ್ಕಕ್ಕೆ ಬರಬಾರದು. ತಿಂಗಳಿಗೆ ಹದಿನೈದು ಸಾವಿರ. ನಮ್ಮ ಕೇಬಲ್ ಆಪರೇಟರುಗಳ ಪೈಕಿ ಹಲವರು ತಗೋ ಅಂದರು.

ನಮ್ಮಪ್ಪನ ಗದ್ದೆ ಭದ್ರಾ ನಾಲೆಯ ಕೊನೆಭಾಗದಲ್ಲಿದೆ. ನಾಲೆಯಲ್ಲಿ ನೀರು ಬಿಟ್ಟ ಸುದ್ದಿ ಬರುತ್ತದೆ, ನೀರು ಬರುವುದಿಲ್ಲ. ಮೇಲಿನವರು ನಾಲೆಗೇ ಪಂಪ್‌ಸೆಟ್ ಇಟ್ಟಿರುತ್ತಾರೆ. ಅಪ್ಪ ರಾತ್ರಿಯಿಡೀ ಬ್ಯಾಟರಿ ಹಿಡಿದು ತೂಬು ಕಾದದ್ದನ್ನು ಕಂಡವನು ನಾನು. ಇರುವ ಒಂದು ಗಿಗ್‌ನಲ್ಲಿ ಒಬ್ಬನಿಗೆ ಮುಂದೆ ದಾರಿ ಬಿಟ್ಟರೆ ಉಳಿದವರನ್ನು ಹಿಂದೆ ತಳ್ಳಲೇಬೇಕು. ನಮ್ಮ ಬೀದಿಯಲ್ಲೇ ಪಿಯು ಹುಡುಗರಿಗೆ ಪಾಠ ಹಾಕುವ ಚಿಕ್ಕ ವೆಬ್‌ಸೈಟ್ ನಡೆಸುವ ಹುಡುಗ ಹದಿನೈದು ಸಾವಿರ ಎಲ್ಲಿಂದ ತಂದಾನು?

ಕಾನೂನೂ ಇದೆ. ಡೇಟಾ ದರದಲ್ಲಿ ಭೇದ ಮಾಡಬಾರದೆಂದು ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) 2016ರ ಫೆಬ್ರವರಿಯಲ್ಲಿ ನಿಯಮ ತಂದಿತು. ದಂಡ ದಿನಕ್ಕೆ 50,000 ರೂಪಾಯಿ, ಗರಿಷ್ಠ 50 ಲಕ್ಷ. ಯಾವ ಸೈಟನ್ನೂ ತಡೆಯಬಾರದು, ನಿಧಾನ ಮಾಡಬಾರದು, ಯಾವುದಕ್ಕೂ ವಿಶೇಷ ವೇಗ ಕೊಡಬಾರದು ಎಂಬ ಷರತ್ತು 2018ರಲ್ಲಿ ಲೈಸೆನ್ಸಿಗೇ ಸೇರಿತು. ಎಲ್ಲ ಸೈಟಿಗೂ ಒಂದೇ ದಾರಿ ಇರಲಿ ಎಂದು 2015ರಲ್ಲಿ ಟ್ರಾಯ್‌ಗೆ ಹೋದ ಹತ್ತು ಲಕ್ಷಕ್ಕೂ ಮಿಕ್ಕಿದ ಇಮೇಲ್‌ಗಳಲ್ಲಿ ನನ್ನದೂ ಒಂದು. ಏಜೆಂಟಿಗೆ ಚಹಾ ಕುಡಿಸಿ ಕಳಿಸಿದೆ.

ಆಮೇಲೆ ಹಿಡಿದದ್ದು ಕೇಕ್. ಲಿನಕ್ಸಿನಲ್ಲೇ ಬರುವ ಕ್ಯೂ ಅದು, ಅಂದರೆ ಡೇಟಾವನ್ನು ಸಾಲಿನಲ್ಲಿ ನಿಲ್ಲಿಸಿ ಬಿಡುವ ವ್ಯವಸ್ಥೆ. ಯಾವ ಸೈಟು, ಯಾವ ಆ್ಯಪು ಎಂದು ನೋಡದೆ, ಲೈನ್ ತುಂಬಿದಾಗ ಮನೆಮನೆಗೆ ಸಮಪಾಲು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್‌ಹ್ಯಾಂಡ್ ಸರ್ವರ್ ಮೂವತ್ತೆಂಟು ಸಾವಿರಕ್ಕೆ ಸಿಕ್ಕಿತು, ನೆಟ್‌ವರ್ಕ್ ಕಾರ್ಡಿಗೆ ಇನ್ನೊಂದು ಒಂಬತ್ತು ಸಾವಿರ.

ಮೊದಲ ಮೂರು ವಾರ ಏನೂ ಆಗಲಿಲ್ಲ. ಆ ಸರ್ವರ್ ಪೆಟ್ಟಿಗೆಯನ್ನು ನ್ಯಾಟ್ (ಹಲವು ಮನೆಗಳನ್ನು ಕೆಲವೇ ಪಬ್ಲಿಕ್ ಐಪಿ ವಿಳಾಸದ ಹಿಂದೆ ಸೇರಿಸುವ ಹಂತ) ಆದಮೇಲೆ ಕೂರಿಸಿದ್ದೆ. ಅಲ್ಲಿ ಒಂಬೈನೂರು ಮನೆಯೂ ನಾಲ್ಕೈದು ಪಬ್ಲಿಕ್ ಐಪಿಯಾಗಿ ಕಾಣುತ್ತಿದ್ದವು. ಸಮಪಾಲು ಆ ನಾಲ್ಕೈದು ಐಪಿಗೆ ಹೋಗುತ್ತಿತ್ತು, ಮನೆಗಲ್ಲ. ನ್ಯಾಟಿಗೂ ಮೊದಲು, ಗಿರಾಕಿಯ ಕಡೆಗೆ ಎಳೆದು ಕೂರಿಸಿದೆ. ಅರ್ಧ ಸರಿಹೋಯಿತು. ಎಲ್ಲರಿಗೂ ಸೇರಿ ಒಂದೇ ಕೇಕ್ ಇಟ್ಟಿದ್ದು ಎರಡನೇ ತಪ್ಪು. ಅದರೊಳಗೆ 1024 ಕ್ಯೂ ಮಾತ್ರ, ಇಷ್ಟೊಂದು ಮನೆಯ ಕನೆಕ್ಷನ್ ಒಂದರ ಮೇಲೊಂದು ಬೀಳುತ್ತಿದ್ದವು, ಪ್ರೊಸೆಸರಿನ ಒಂದೇ ಕೋರ್ ಮೇಲೆ ಎಲ್ಲ ಹೊರೆ ಬೀಳುತ್ತಿತ್ತು. ಏರಿಯಾವಾರು ಎಚ್‌ಟಿಬಿ (ಬ್ಯಾಂಡ್‌ವಿಡ್ತನ್ನು ಪಾಲು ಮಾಡುವ ಲಿನಕ್ಸ್ ಕ್ಯೂ) ಕಟ್ಟಿ, ಅದರಡಿ ಮನೆಗೊಂದು ಕೇಕ್ ಇಟ್ಟು, ಏರಿಯಾಗಳನ್ನು ಬೇರೆ ಬೇರೆ ಕೋರಿಗೆ ಹಂಚಿದೆ. ಅವತ್ತು ಶನಿವಾರ, ಐಪಿಎಲ್ ಮ್ಯಾಚ್ ಇತ್ತು. ಬಂದ ಫೋನು ನಾಲ್ಕೇ. ಅದರಲ್ಲಿ ಒಂದು ಬೆಸ್ಕಾಂನವರು ಕಂಬ ಬದಲಿಸುವಾಗ ಫೈಬರ್ ತುಂಡಾದದ್ದು.

ಒಟ್ಟು ಶೇಪಿಂಗನ್ನು, ಅಂದರೆ ಪೆಟ್ಟಿಗೆ ಹರಿಯಬಿಡುವ ಒಟ್ಟು ವೇಗವನ್ನು, ಕೊಂಡ ಬ್ಯಾಂಡ್‌ವಿಡ್ತಿಗಿಂತ ಸ್ವಲ್ಪ ಕೆಳಗಿಡಬೇಕು. ಆಗ ಕ್ಯೂ ನಮಗೆ ಲೈನ್ ಕೊಡುವವರ ರೌಟರಿನಲ್ಲಿ ಬೆಳೆಯದೆ ನಮ್ಮ ಪೆಟ್ಟಿಗೆಯಲ್ಲೇ ನಿಲ್ಲುತ್ತದೆ. ಎಷ್ಟು ಕೆಳಗೆ ಎಂಬುದನ್ನೂ, ಸಂಜೆಗೆ ನಾನು ಬದಲಿಸುವ ಇನ್ನೊಂದು ನಂಬರನ್ನೂ ಇಲ್ಲಿ ಹೇಳಲಾರೆ. ಎರಡು ತಿಂಗಳು ನಿದ್ದೆಗೆಟ್ಟು ಹಿಡಿದದ್ದು ಅದು.

ನಡುವೆ ಸ್ಕ್ವಿಡ್ (ನೋಡಿದ ಪುಟಗಳ ಪ್ರತಿ ಇಟ್ಟುಕೊಳ್ಳುವ ಸಾಫ್ಟ್‌ವೇರ್) ಹಾಕಿಯೂ ನೋಡಿದೆ, ಎನ್‌ಕ್ರಿಪ್ಟ್ ಆದ ಎಚ್‌ಟಿಟಿಪಿಎಸ್ ಮುಂದೆ ಅದಕ್ಕೆ ಕೆಲಸವಿಲ್ಲ. ಮಿಕ್ಕ ಕಂಪ್ಲೇಂಟ್ ಬೆನ್ನು ಹತ್ತಿ ಹೋದರೆ, ಸುಮಾರು ಅರ್ಧದಷ್ಟು ಮನೆಯಲ್ಲಿ ರೌಟರ್ ಕಬ್ಬಿಣದ ಬೀರುವಿನ ಹಿಂದೆ. ಟೀಚರಮ್ಮನ ಮನೆಯಲ್ಲಿ ಅದನ್ನು ದೇವರ ಗೂಡಿನ ಪಕ್ಕದಿಂದ ಹಾಲಿಗೆ ತಂದಿಟ್ಟೆ. ಆಮೇಲೆ ಅವರ ಫೋನಿಲ್ಲ.

ದೊಡ್ಡ ಕಂಪನಿಗಳ ವಿಡಿಯೊ ಕ್ಯಾಶ್ ಸರ್ವರ್ (ಹೆಚ್ಚು ನೋಡುವ ವಿಡಿಯೊಗಳ ಪ್ರತಿ ಹತ್ತಿರದಲ್ಲೇ ಇಟ್ಟುಕೊಳ್ಳುವ ಯಂತ್ರ) ನನ್ನಷ್ಟು ಸಣ್ಣವರಿಗೆ ಸಿಗಲಿಲ್ಲ. ಹರಿಹರ, ಹರಪನಹಳ್ಳಿ ಕಡೆಯ ಇಬ್ಬರು ಆಪರೇಟರುಗಳ ಜೊತೆ ಸೇರಿ ಬೆಂಗಳೂರಿನ ಇಂಟರ್ನೆಟ್ ಎಕ್ಸ್‌ಚೇಂಜಿನ (ಬೇರೆ ಬೇರೆ ನೆಟ್‌ವರ್ಕ್‌ಗಳು ಕೂಡುವ ಜಾಗ) ತನಕ ಒಂದು ಲೈನ್ ಹಂಚಿಕೊಂಡೆವು, ಕ್ಯಾಶ್ ಟ್ರಾಫಿಕ್ ಅಲ್ಲಿಂದ ಬರುತ್ತದೆ. ನನ್ನ ಪಾಲು ಇಪ್ಪತ್ತೆರಡು ಸಾವಿರದ ಸುಮಾರು. ಇದೂ ಫಾಸ್ಟ್ ಲೇನ್ ಅಲ್ಲವಾ ಎಂದು ಗೆಳೆಯ ವಾದಕ್ಕೆ ನಿಂತ. ಅಲ್ಲ. ಕ್ಯಾಶ್ ಎಂದರೆ ಸರಕನ್ನು ಊರ ಹತ್ತಿರದ ಗೋದಾಮಿಗೆ ತಂದಿಡುವುದು, ರಸ್ತೆಯಲ್ಲಿ ಬೇರೆಯವರ ಗಾಡಿ ನಿಲ್ಲಿಸುವುದಲ್ಲ. ಟ್ರಾಯ್ ಕೂಡ 2017ರ ಶಿಫಾರಸಿನಲ್ಲಿ ಸಿಡಿಎನ್‌ಗಳನ್ನು (ಇಂಥ ಕ್ಯಾಶ್ ಸರ್ವರುಗಳ ಜಾಲಗಳನ್ನು) ಈ ನಿರ್ಬಂಧದಿಂದ ಹೊರಗಿಟ್ಟಿದೆ.

"ದೊಡ್ಡ ಸೈಟಿನವರು ನಮ್ಮ ಲೈನ್ ತುಂಬಿಸ್ತಾರೆ, ಅವರೇ ಕಾಸು ಕೊಡ್ಲಿ" ಎಂದು 2023ರಲ್ಲಿ ದೊಡ್ಡ ಟೆಲಿಕಾಂನವರು ಕೇಳಿದಾಗ ನಮ್ಮವರೂ ಚಪ್ಪಾಳೆ ಹೊಡೆದರು. ಲೈನ್ ತುಂಬಿಸುವುದು ಸೈಟಲ್ಲ, ನನ್ನ ಗಿರಾಕಿ. ಅವರು ಬೇಕೆಂದು ಕೇಳಿದ್ದನ್ನು ತಂದುಕೊಡಲೆಂದೇ ತಿಂಗಳಿಗೆ ಐನೂರು ಕೊಟ್ಟಿದ್ದಾರೆ. ಅದೇ ಸರಕಿಗೆ ಇನ್ನೊಂದು ಕಡೆಯಿಂದಲೂ ಬಾಡಿಗೆ ಕೇಳುವುದು ಹೇಗೆ? ದಕ್ಷಿಣ ಕೊರಿಯಾದಲ್ಲಿ ನೆಟ್‌ವರ್ಕ್ ಶುಲ್ಕ ತಾಳಲಾರದೆ ಲೈವ್ ವಿಡಿಯೊ ಸೈಟ್ ಟ್ವಿಚ್ 2024ರ ಫೆಬ್ರವರಿಯಲ್ಲಿ ಅಂಗಡಿ ಮುಚ್ಚಿತು. ನಷ್ಟವಾದದ್ದು ಅಲ್ಲಿನ ನೋಡುಗರಿಗೂ.

ಎಲ್ಲ ಸೇರಿ ಒಂದು ಲಕ್ಷದ ಒಳಗೇ ಮುಗಿಯಿತು. ಬೇಕೇಬೇಕು ಅಂದುಕೊಂಡಿದ್ದ 500 ಎಂಬಿಪಿಎಸ್ ಇನ್ನೂ ಕೊಂಡಿಲ್ಲ. ಹರಿಹರದ ಗೆಳೆಯ ಅವತ್ತೇ ಸರ್ವರಿಗೆ ಮುಂಗಡ ಕೊಟ್ಟ. ಬರುವ ಭಾನುವಾರ ಅವನ ಪೆಟ್ಟಿಗೆ ಕೂರಿಸಲು ಹೋಗುತ್ತಿದ್ದೇನೆ, ನ್ಯಾಟಿಗೂ ಮೊದಲು.